ಪಾಳು ಬಿದ್ದ ಮಸಲ್ ಕಾರು ಎಲ್ಲಿ ಸಿಗುತ್ತದೆ, ಮಾಲೀಕರನ್ನು ಹೇಗೆ ಕೇಳಬೇಕು?

ಅಮೆರಿಕದಲ್ಲಿ ನೆಲೆಸಿ ಹಳೇ ಮಸಲ್ ಕಾರಿನ, ಅಂದರೆ 1960–70ರ ದಶಕದ ಭಾರೀ ಎಂಜಿನ್ನಿನ ಅಮೆರಿಕನ್ ಕಾರಿನ, ಹುಚ್ಚು ಹತ್ತಿಸಿಕೊಂಡ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಹರಾಜಿನಲ್ಲಿ ಮಿರಮಿರ ಮಿಂಚುವ 1969ರ ಕ್ಯಾಮರೊ ಕೈಗೆಟುಕುವುದಿಲ್ಲ. ಯಾರದೋ ಹಿತ್ತಿಲಲ್ಲಿ ಸುಮ್ಮನೆ ನಿಂತಿರುವ ಒಂದು ಸಿಕ್ಕರೆ ನಾವೇ ರಿಪೇರಿ ಮಾಡಿಕೊಳ್ಳುತ್ತೇವಲ್ಲ, ಅಂಥದ್ದು ಇನ್ನೂ ಇದೆಯೇ, ಇದ್ದರೆ ಬಾಗಿಲು ತಟ್ಟಿ ಏನೆಂದು ಕೇಳುವುದು?

ಇವೆ. ಆದರೆ ಬಹಳಷ್ಟು ಕಾರುಗಳು ಕೈತಪ್ಪುವುದು ಮೊದಲ ಐದು ನಿಮಿಷದ ಮಾತಿನಲ್ಲಿ, ಉಳಿದವು ಕಾಗದಪತ್ರದಲ್ಲಿ. ಹಾಗಾಗಿ ಹುಡುಕಾಟದ ವಿಷಯ ಬೇಗ ಮುಗಿಸುತ್ತೇನೆ.

ಮಿಷಿಗನ್, ಒಹಾಯೊ, ಪೆನ್ಸಿಲ್ವೇನಿಯಾ ಕಡೆಯವರು ನವೆಂಬರ್‌ನಿಂದ ಮಾರ್ಚ್‌ವರೆಗೆ ಹಳ್ಳಿ ರಸ್ತೆಗಳಲ್ಲಿ ಸುತ್ತಬೇಕು. ಎಲೆ ಉದುರಿದ ಮೇಲೆ, ಬೇಸಿಗೆಯಲ್ಲಿ ಪೊದೆಯ ಹಿಂದೆ ಮರೆಯಾಗಿದ್ದ ಕಾರು ರಸ್ತೆಗೇ ಕಾಣುತ್ತದೆ. ಅದಕ್ಕಿಂತ ಫಲ ಕೊಡುವುದು ಮನೆಮನೆ ಸುತ್ತುವವರ ಸ್ನೇಹ: ಟೋಯಿಂಗ್ ಲಾರಿಯವರು, ಪ್ರೊಪೇನ್ ತುಂಬಿಸುವವರು, ಎಂಜಿನ್ ಬೋರಿಂಗ್ ಮಾಡುವ ಹಳೇ ಮೆಷಿನ್ ಶಾಪ್‌ನವರು. ಯಾರ ಶೆಡ್ಡಿನಲ್ಲಿ ಏನಿದೆ ಎಂಬುದು ಇವರಿಗೆ ಗೊತ್ತಿರುತ್ತದೆ. ರೈತರು ಜಮೀನು ಬಿಡುವಾಗ ನಡೆಯುವ ಎಸ್ಟೇಟ್ ಹರಾಜುಗಳ ಪಟ್ಟಿಯನ್ನೂ ಓದುತ್ತಿರಿ.

ಕಾರು ಕಂಡ ಕೂಡಲೇ ಬೇಲಿ ದಾಟಬೇಡಿ. ಟೆಕ್ಸಾಸ್, ಮಿಸೂರಿಯಂಥ ರಾಜ್ಯಗಳಲ್ಲಿ ಮರಕ್ಕೋ ಕಂಬಕ್ಕೋ ಬಳಿದ ನೇರಳೆ ಬಣ್ಣದ ಪಟ್ಟೆಗೂ 'ಒಳಗೆ ಬರಬೇಡಿ' ಎಂಬ ಫಲಕಕ್ಕೆ ಇರುವ ಬೆಲೆಯೇ ಇದೆ. ನಂಬರ್ ಪ್ಲೇಟ್ ಹಿಡಿದು ಮಾಲೀಕರ ಹೆಸರು ಪತ್ತೆ ಮಾಡೋಣವೆಂದರೆ, 1994ರ ಫೆಡರಲ್ ಕಾನೂನಿನ ಪ್ರಕಾರ ವಾಹನ ಇಲಾಖೆ ಅದನ್ನು ಹಾಗೆ ಕೊಡುವಂತಿಲ್ಲ. ಜಾಗದ ಮಾಲೀಕರ ಹೆಸರು ಮಾತ್ರ ಸಾಮಾನ್ಯವಾಗಿ ಕೌಂಟಿಯ ಆಸ್ತಿ ತೆರಿಗೆ ದಾಖಲೆಯಲ್ಲಿ ಸಿಗುತ್ತದೆ. ಪತ್ರ ಬರೆಯಲು ಅಷ್ಟು ಸಾಕು.

ಮನೆಯಲ್ಲಿ ಜನ ಇದ್ದರೆ ಹಗಲು ಹೊತ್ತಿನಲ್ಲಿ, ಮುಂಬಾಗಿಲಿಗೇ ಹೋಗಿ. ಒಬ್ಬರು, ಹೆಚ್ಚೆಂದರೆ ಇಬ್ಬರು. ಬೆಲ್ ಒತ್ತಿ ನಾಲ್ಕು ಹೆಜ್ಜೆ ಹಿಂದೆ ಸರಿದು, ಕೈ ಕಾಣುವಂತೆ ನಿಲ್ಲಿ. ಹೆಸರು ಹೇಳಿ, ಯಾವ ಊರಿನವರೆಂದು ಹೇಳಿ, ನಂತರ "ಆ ಶೆಡ್ಡಿನ ಪಕ್ಕ ಇರೋದು 68ರ ಚಾರ್ಜರ್ ಅಲ್ವಾ ಸರ್?" ಎಂದು ಕೇಳಿ. ಕಾರಿನ ಹೆಸರು, ವರ್ಷ ಸರಿಯಾಗಿ ಹೇಳುವವರಿಗೆ ಸಿಗುವ ಉತ್ತರವೇ ಬೇರೆ. "ಆ ಗುಜರಿ ಎಷ್ಟಕ್ಕೆ ಕೊಡ್ತೀರಿ" ಎಂದವರಿಗೆ ಬಾಗಿಲು ಮುಚ್ಚುತ್ತದೆ, ಮುಚ್ಚಬೇಕಾದ್ದೇ. ಅದು ಅವರ ಹರೆಯದ ಕಾರಿರಬಹುದು, ತೀರಿಹೋದ ಮಗನದಿರಬಹುದು. ಮೊದಲ ಭೇಟಿಯಲ್ಲಿ ಬೆಲೆಯ ಮಾತನ್ನು ನೀವಾಗಿ ಎತ್ತಬೇಡಿ. ಯಾವಾಗ ಕೊಂಡಿದ್ದು, ಯಾಕೆ ನಿಲ್ಲಿಸಿದ್ದು ಎಂದು ಕೇಳಿ, ಹೇಳಿದ್ದನ್ನು ಕೇಳಿಸಿಕೊಳ್ಳಿ. ಕಾರಿನ ಸ್ಥಿತಿ ಅರ್ಧಕ್ಕರ್ಧ ಅಲ್ಲೇ ತಿಳಿಯುತ್ತದೆ: ಗೇರ್‌ಬಾಕ್ಸ್ ಕೆಟ್ಟು ನಿಂತದ್ದು ಬೇರೆ, ಎಂಜಿನ್ ಕಾದು ನಿಂತದ್ದು ಬೇರೆ.

ಸಾಮಾನ್ಯವಾಗಿ ಬರುವ ಉತ್ತರ "ಮಾರೋದಿಲ್ಲ, ಒಂದು ದಿನ ನಾನೇ ರೆಡಿ ಮಾಡ್ತೀನಿ". ವಾದ ಬೇಡ. ಕೈಬರಹದ ಒಂದು ಚೀಟಿ ಕೊಟ್ಟು ಬನ್ನಿ: ಹೆಸರು, ಫೋನ್ ನಂಬರ್, ಯಾವ ಕಾರು, ಇದ್ದ ಸ್ಥಿತಿಯಲ್ಲೇ ಕೊಳ್ಳುತ್ತೇವೆ, ಸಾಗಿಸುವ ಹೊಣೆ ನಮ್ಮದು. ವರ್ಷಕ್ಕೆ ಒಂದೆರಡು ಸಲ ಮಾತಾಡಿಸಿದರೆ ಸಾಕು, ಅದಕ್ಕಿಂತ ಹೆಚ್ಚಾದರೆ ಕಾಟ. ಓಡದ ವಾಹನ ಹೊರಗೆ ನಿಲ್ಲಿಸಿದ್ದಾರೆಂದು ನಗರಸಭೆಗೆ ದೂರು ಕೊಟ್ಟು ಮಾಲೀಕರ ಕೈ ತಿರುಚುವವರೂ ಇದ್ದಾರೆ. ಅದು ನೀಚ ಕೆಲಸ. ಕಾರು ಸಿಗದಿದ್ದರೂ ಸರಿ, ಅದಕ್ಕೆ ಇಳಿಯಬೇಡಿ.

ನೋಡಲು ಒಪ್ಪಿಗೆ ಸಿಕ್ಕಾಗ ಮೊದಲು ವಿನ್ ನಂಬರ್, ಅಂದರೆ ಕಾರ್ಖಾನೆ ಆ ಕಾರಿಗೆ ಕೊಟ್ಟ ಗುರುತಿನ ಸಂಖ್ಯೆ, ಓದಿ. 17 ಅಕ್ಷರದ ವಿನ್ ಬಂದದ್ದು 1981ರಲ್ಲಿ. ಅದಕ್ಕೂ ಮುಂಚೆ ಒಂದೊಂದು ಕಂಪನಿಗೆ ಒಂದೊಂದು ಕ್ರಮ. ಪಾಂಟಿಯಾಕ್ ಜಿಟಿಒ 1966ರಿಂದ 1971ರವರೆಗಿನದಾದರೆ ವಿನ್ 242 ಎಂದು ಶುರುವಾಗಬೇಕು. 1964 ಮತ್ತು 65ರಲ್ಲಿ ಜಿಟಿಒ ಎಂಬುದು ಲೆಮಾನ್ಸ್ ಕಾರಿನ ಮೇಲೆ ಹಾಕಿಸಿಕೊಳ್ಳುವ ಆಪ್ಷನ್ ಆಗಿತ್ತು, ವಿನ್‌ನಿಂದ ಸಾಬೀತಾಗದು. ಹಳೇ ದಾಖಲೆ ಇಟ್ಟಿರುವ ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್, ಅಂದರೆ ಪಿಎಚ್‌ಎಸ್‌ನಿಂದ ಕಾರ್ಖಾನೆಯ ಬಿಲ್ಲಿನ ನಕಲು ತರಿಸಬೇಕು. ಶೆವೆಲ್ ಎಸ್‌ಎಸ್ 396 (396 ಎಂಬುದು ಘನ ಇಂಚಿನಲ್ಲಿ ಎಂಜಿನ್ ಗಾತ್ರ) ಆದರೆ 1966ರಿಂದ 68ರವರೆಗೆ 138 ಎಂದಿರಬೇಕು, 1969ರಿಂದ ಅದೂ ಆಪ್ಷನ್. ಅಮೆರಿಕದಲ್ಲಿ ಮಾರಿದ ಆ ಕಾಲದ ಶೆವ್ರೊಲೆಗಳಿಗೆ ಪಾಂಟಿಯಾಕ್‌ನಂತೆ ತರಿಸಿಕೊಳ್ಳುವ ದಾಖಲೆ ಇಲ್ಲ. ಎಸ್‌ಎಸ್ ಬ್ಯಾಡ್ಜನ್ನು ಯಾರು ಬೇಕಾದರೂ ಅಂಟಿಸಬಹುದು. ಫೋರ್ಡ್ ಮತ್ತು ಕ್ರೈಸ್ಲರ್ ಗುಂಪಿನ (ಡಾಡ್ಜ್, ಪ್ಲಿಮತ್) ಕಾರುಗಳಲ್ಲಿ ವಿನ್‌ನ ಐದನೆಯ ಅಕ್ಷರವೇ ಎಂಜಿನ್ನಿನ ಗುರುತು: 1969ರ ಮಸ್ಟಾಂಗ್‌ನಲ್ಲಿ ಆರ್ ಇದ್ದರೆ ರ‍್ಯಾಮ್ ಏರ್ (ಬಾನೆಟ್ ಮೂಲಕ ಗಾಳಿ ಎಳೆಯುವ ವ್ಯವಸ್ಥೆ) ಇರುವ 428 ಕೋಬ್ರಾ ಜೆಟ್ ಎಂಜಿನ್. 1968–69ರ ಚಾರ್ಜರ್‌ನಲ್ಲಿ ಜೆ ಇದ್ದರೆ 426 ಹೆಮಿ, ಎಲ್ ಇದ್ದರೆ 440. ಈ ಒಂದು ಅಕ್ಷರಕ್ಕೆ ಬೆಲೆ ಹಲವು ಪಟ್ಟು ಬದಲಾಗುತ್ತದೆ. ಮಾಲೀಕರಿಗೆ ಅದು ಗೊತ್ತಿಲ್ಲದಿದ್ದರೆ ಹೇಳಿಬಿಡಿ. ವಯಸ್ಸಾದ ವಿಧವೆಯ ಕೈಯಿಂದ ಹೆಮಿ ಕಾರನ್ನು ಮಾಮೂಲಿ ಕಾರಿನ ಬೆಲೆಗೆ ಎತ್ತಿಕೊಂಡು ಬರುವುದನ್ನು ನಾನು ಜಾಣತನ ಎನ್ನುವುದಿಲ್ಲ.

ಇನ್ನು ತುಕ್ಕು. ಟಾರ್ಪಾಲು ಹೊದಿಸಿ ಹುಲ್ಲಿನ ಮೇಲೆ ನಿಲ್ಲಿಸಿದ ಕಾರು ಬಯಲಲ್ಲಿ ನಿಂತದ್ದಕ್ಕಿಂತ ಕೆಟ್ಟಿರುತ್ತದೆ, ಏಕೆಂದರೆ ನೆಲದ ತೇವ ಮೇಲೆದ್ದು ಒಳಗೇ ಉಳಿಯುತ್ತದೆ. ವಿನೈಲ್ ಚಾವಣಿಯ ಕಾರಿನಲ್ಲಿ ಹಿಂಗಾಜಿನ ಸುತ್ತ ತಗಡು ಕೊಳೆತು, ನೀರು ಡಿಕ್ಕಿಯ ನೆಲಕ್ಕೆ ಇಳಿದಿರುತ್ತದೆ. ಮೊದಲ ಕಾಲದ ಮಸ್ಟಾಂಗ್‌ನಲ್ಲಿ ವೈಪರ್ ಕೆಳಗಿನ ಕೌಲ್ ಜಾಗ ನೋಡಬೇಕು: ಒಪ್ಪಿಗೆ ಕೇಳಿ ಒಂದು ಚೊಂಬು ನೀರು ಸುರಿದು, ಡ್ಯಾಶ್‌ಬೋರ್ಡ್ ಅಡಿ ಕೈಯಿಟ್ಟು ನೋಡಿ. ಸೋರಿದರೆ ಇಡೀ ಮುಂಭಾಗ ಬಿಚ್ಚುವ ಕೆಲಸ. ಚಾರ್ಜರ್, ರೋಡ್‌ರನ್ನರ್‌ಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಮುಂದಿನ ಚಕ್ರಗಳಿಗೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಹಿಡಿದಿರುವ ಅಡ್ಡಪಟ್ಟಿ ಮತ್ತು ಹಿಂದಿನ ಸ್ಪ್ರಿಂಗ್ ಕೂರುವ ಜಾಗ ಸ್ಕ್ರೂಡ್ರೈವರ್ ಚುಚ್ಚಿದಾಗ ಪುಡಿಯಾದರೆ ಬಿಟ್ಟುಬಿಡಿ. ಪುಟ್ಟಿ ತುಂಬಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ, ಅದೊಂದು ಜೇಬಿನಲ್ಲಿರಲಿ. ಮಸ್ಟಾಂಗ್, ಕ್ಯಾಮರೊ, ಶೆವೆಲ್‌ಗಳಿಗೆ ಹೊಸ ತಗಡು ಪೂರ್ತಿ ಸಿಗುತ್ತದೆ. ಮರ್ಕ್ಯುರಿ ಸೈಕ್ಲೋನ್‌ಗೋ ಎಎಂಸಿ ಜಾವೆಲಿನ್‌ಗೋ ಸಿಗುವುದು ಕಷ್ಟ, ಹಾಗಾಗಿ ಅವುಗಳಲ್ಲಿ ಇರುವ ಬಿಡಿಭಾಗಗಳೇ ಬಂಡವಾಳ.

"ನಿಲ್ಲಿಸಿದಾಗ ಓಡ್ತಿತ್ತು" ಎಂಬುದು ನಿಜವೇ ಇರಬಹುದು. ಆದರೂ ಎಂಜಿನ್ ಹಿಡಿದುಕೊಂಡಿದೆ ಎಂದುಕೊಂಡೇ ಬೆಲೆ ಕಟ್ಟಿ. ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಲು ಹೋದರೆ ತುಕ್ಕು ಹಿಡಿದ ರಿಂಗು ಸಿಲಿಂಡರನ್ನು ಗೀರುತ್ತದೆ, ಅಂಟಾದ ಪೆಟ್ರೋಲು ಕಾರ್ಬ್ಯುರೇಟರ್‌ಗೆ ಏರುತ್ತದೆ. ಮನೆಗೆ ತಂದ ಮೇಲೆ ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಟ್ಟು, ಕೆಲವು ದಿನ ನೆನೆಸಿ, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಕೈಯಿಂದಲೇ ತಿರುಗಿಸಬೇಕು.

ದುಡ್ಡು ಕೊಡುವ ಮುಂಚೆ ಟೈಟಲ್ (ಕಾರಿನ ಒಡೆತನದ ಸರ್ಕಾರಿ ಪತ್ರ) ನೋಡಿ. ಅದರಲ್ಲಿನ ನಂಬರನ್ನು ಕಾರಿನ ಮೇಲಿನ ವಿನ್ ತಗಡುಪಟ್ಟಿಯ ಜತೆ ಒಂದೊಂದೇ ಅಂಕಿಯಾಗಿ ಹೋಲಿಸಿ. ಆ ಪಟ್ಟಿಯ ರಿವೆಟ್ ಕದಲಿಸಿದಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಇಬ್ಬರ ಹೆಸರಿನ ನಡುವೆ 'ಮತ್ತು' ಇದ್ದರೆ ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕು. ಮಾಲೀಕರು ತೀರಿಕೊಂಡಿದ್ದರೆ ಸತ್ತವರ ಆಸ್ತಿಯ ವಿಷಯ ನೋಡುವ ಪ್ರೊಬೇಟ್ ಕೋರ್ಟಿನ ಅಧಿಕಾರಪತ್ರ ಇರುವವರೇ ಸಹಿ ಮಾಡಬೇಕು, ಅಥವಾ ಆ ರಾಜ್ಯದಲ್ಲಿ ಸತ್ತವರ ಆಸ್ತಿ ಸಣ್ಣದಿದ್ದಾಗ ಒಪ್ಪುವ ಅಫಿಡವಿಟ್ ಬೇಕು. ಸತ್ತವರ ಸಹಿಯನ್ನು ಮಗ ಹಾಕಿಕೊಟ್ಟರೆ ಅದು ಫೋರ್ಜರಿ. ಹಳೇ ಸಾಲದ ಗುರುತು ಇನ್ನೂ ಉಳಿದಿದ್ದು ಬ್ಯಾಂಕೇ ದಿವಾಳಿಯಾಗಿದ್ದರೆ, ಬಿಡುಗಡೆ ಪತ್ರಕ್ಕೆ ಬ್ಯಾಂಕ್ ಠೇವಣಿಗೆ ವಿಮೆ ಕೊಡುವ ಫೆಡರಲ್ ಸಂಸ್ಥೆಯಾದ ಎಫ್‌ಡಿಐಸಿಗೆ ಬರೆಯಬಹುದು. ಟೈಟಲ್ಲೇ ಇಲ್ಲದಿದ್ದರೆ ಬಾಂಡೆಡ್ ಟೈಟಲ್ (ಮುಂದೆ ಯಾರಾದರೂ ಹಕ್ಕು ಕೇಳಿದರೆ ನಷ್ಟ ತುಂಬಲು ಬಾಂಡ್ ಕೊಟ್ಟು ಪಡೆಯುವ ಟೈಟಲ್) ಎಂಬ ದಾರಿ ಹಲವು ರಾಜ್ಯಗಳಲ್ಲಿದೆ. ನಿಮ್ಮ ರಾಜ್ಯ ಅದನ್ನು ಕೊಡುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಸಾಗಿಸುವ ದಿನ ವಿಂಚ್ ಇರುವ ಟ್ರೇಲರ್, ಗಾಳಿ ಪಂಪು, ಗಾಳಿ ನಿಲ್ಲುವ ನಾಲ್ಕು ಚಕ್ರ, ಹಿಡಿದುಕೊಂಡ ಬ್ರೇಕ್ ಡ್ರಮ್ ಬಿಡಿಸಲು ಸುತ್ತಿಗೆ, ನೆಲ ಮೆತ್ತಗಿದ್ದರೆ ಜ್ಯಾಕ್ ಕೆಳಗಿಡಲು ದಪ್ಪ ಹಲಗೆ ಒಯ್ಯಿರಿ. ಹೊರಡುವ ಮುನ್ನ ಶೆಡ್ಡಿನ ಅಟ್ಟದಲ್ಲಿ, ಮೂಲೆಯ ಡಬ್ಬಗಳಲ್ಲಿ ಈ ಕಾರಿನ ಸಾಮಾನು ಏನಾದರೂ ಉಳಿದಿದೆಯೇ ಎಂದು ಕೇಳಿ. ಎಂದೋ ಬಿಚ್ಚಿಟ್ಟ ಅಸಲಿ ಕಾರ್ಬ್ಯುರೇಟರ್, ವೀಲ್ ಕ್ಯಾಪ್ ಅಲ್ಲೇ ಇರುತ್ತವೆ. ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ ಕೈಯಾಡಿಸಿ, ಪೆಟ್ರೋಲ್ ಟ್ಯಾಂಕ್ ಇಳಿಸಿದಾಗ ಅದರ ಮೇಲ್ಭಾಗವನ್ನೂ ನೋಡಿ. ಕಾರ್ಖಾನೆಯಲ್ಲಿ ಸಿಕ್ಕಿಸಿದ ಬಿಲ್ಡ್ ಶೀಟನ್ನು (ಆ ಕಾರಿಗೆ ಏನೇನು ಜೋಡಿಸಬೇಕೆಂದು ಬರೆದ ಹಾಳೆ) ಇಲಿ ತಿನ್ನದೆ ಉಳಿಸಿದ್ದರೆ, ವಿನ್ ಹೇಳದ್ದನ್ನೆಲ್ಲ ಆ ಹಾಳೆ ಹೇಳುತ್ತದೆ.