ಚಂದ್ರ ಅವರ ಬಲಗೈ

ಇವತ್ತು ಮಗನ ಕೈಗೆ ಹಾಕಿದ್ದ ಪ್ಲಾಸ್ಟರ್ ತೆಗೆದರು.

ಆರು ವಾರ ಮುಚ್ಚಿಟ್ಟ ಬಲಗೈ ಸಣಕಲಾಗಿತ್ತು. ಚರ್ಮವೆಲ್ಲ ಒಣಗಿ ಬಿಳಿಬಿಳಿ. ಅವನು ನೋಡಿದವನೇ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ. "ಅಪ್ಪಾ, ಇನ್ನು ಬೌಲಿಂಗ್ ಮಾಡೋಕೆ ಆಗಲ್ವಾ?"

ಆಟೋದಲ್ಲಿ ಬರುವಾಗ ಅವನಿಗೆ ಚಂದ್ರ ಅವರ ಕಥೆ ಹೇಳಿದೆ. ನಮ್ಮ ಮೈಸೂರಿನಲ್ಲಿ ಹುಟ್ಟಿದ, ಭಾರತ ತಂಡದ ಸ್ಪಿನ್ ಬೌಲರ್ ಬಿ.ಎಸ್. ಚಂದ್ರಶೇಖರ್. ಚಿಕ್ಕ ವಯಸ್ಸಿನಲ್ಲೇ ಪೋಲಿಯೋ. ಬಲಗೈ ಸಣ್ಣಗೆ, ಶಕ್ತಿಯಿಲ್ಲದೆ ಉಳಿಯಿತು. ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಲ್ಲೇ ಎಸೆಯುತ್ತಿದ್ದರು.

ಆದರೆ ಬೌಲಿಂಗ್? ಅದೇ ಬಲಗೈ.

1971ರ ಆಗಸ್ಟ್, ಲಂಡನ್ನಿನ ಓವಲ್ ಮೈದಾನ. ಇಂಗ್ಲೆಂಡ್ ನೆಲದಲ್ಲಿ ನಾವು ಅಲ್ಲಿಯವರೆಗೆ ಒಂದು ಟೆಸ್ಟನ್ನೂ ಗೆದ್ದಿರಲಿಲ್ಲ. ಎರಡನೇ ಇನಿಂಗ್ಸ್‌ನಲ್ಲಿ ಆ ಕೈ 38 ರನ್ ಕೊಟ್ಟು 6 ವಿಕೆಟ್ ಕಿತ್ತಿತು. ಇಂಗ್ಲೆಂಡ್ 101ಕ್ಕೆ ಆಲೌಟ್! ನಮಗೆ ಗೆಲ್ಲಲು 173 ಬೇಕಿತ್ತು. ನಮ್ಮ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್, 33 ಹೊಡೆದರು. ನಾಲ್ಕು ವಿಕೆಟ್‌ಗಳಿಂದ ಗೆದ್ದೆವು, ಸರಣಿಯೂ ನಮ್ಮದೇ. ಆವತ್ತು ಗಣೇಶ ಚೌತಿ ಬೇರೆ.

ಮಗ ಏನೂ ಮಾತಾಡಲಿಲ್ಲ. ಗೆದ್ದದ್ದಕ್ಕಿಂತ ಜಾಸ್ತಿ ಅವನ ತಲೆಯಲ್ಲಿ ಕೂತದ್ದು ಆ ಕೈ ಅನ್ನಿಸುತ್ತೆ. ಮನೆಗೆ ಬಂದು ಊಟ ಮಾಡುವಾಗ ಮತ್ತೆ ಕೇಳಿದ, "ಅದೇ ಕೈಯಲ್ಲೇನಾ?"

ಹೂಂ ಕಣೋ, ಅದೇ ಕೈಯಲ್ಲೇ.

ಈಗ ಜಗಲಿಯಲ್ಲಿ ಕೂತಿದ್ದಾನೆ. ತೋಳು ಮೇಲಕ್ಕೆ ಮಡಚಿದೆ. ಸಣಕಲು ಬೆರಳಲ್ಲಿ ಟೆನ್ನಿಸ್ ಚೆಂಡನ್ನು ಮೆಲ್ಲಗೆ ತಿರುಗಿಸುತ್ತಿದ್ದಾನೆ.