ಕಾಫಿ ಗೋಡೌನ್‌ನಲ್ಲಿ ರಾಕ್ ಬ್ಯಾಂಡ್

ಗೋಣಿಕೊಪ್ಪದಲ್ಲಿ ನಮ್ಮದು ಸೌಂಡ್ಸ್ ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಶಾಲೆಯ ವಾರ್ಷಿಕೋತ್ಸವ, ಬೇಸಿಗೆಯ ಹಾಕಿ ಹಬ್ಬ, ದಸರಾ, ಇದೇ ನಮ್ಮ ಅನ್ನ. ಗಿರಾಕಿ ಮೊದಲು ಕೇಳುವುದು ಒಂದೇ ಮಾತು: "ಎಷ್ಟು ಬಾಕ್ಸ್ ಹಾಕ್ತೀರ?" ಬಾಕ್ಸ್ ಎಂದರೆ ಸ್ಪೀಕರ್ ಪೆಟ್ಟಿಗೆ. ದಸರಾದಲ್ಲಂತೂ ಪಕ್ಕದ ಮಂಟಪಕ್ಕಿಂತ ಒಂದು ಬಾಕ್ಸ್ ಕಡಿಮೆಯಾದರೆ ಹುಡುಗರಿಗೆ ನಿದ್ದೆ ಬರುವುದಿಲ್ಲ. ಬಯಲಿನಲ್ಲಿ ಅದು ನಡೆಯುತ್ತದೆ. ಹೋದ ಸದ್ದು ಹೋಯಿತು, ವಾಪಸ್ ಕಳಿಸಲು ಅಲ್ಲಿ ಗೋಡೆ ಇಲ್ಲ.

ಪೊಲಿಬೆಟ್ಟದ ಕಡೆ ಒಂದು ತೋಟದವರು ಹಳೆಯ ಕಾಫಿ ಗೋಡೌನನ್ನು ಚೊಕ್ಕ ಮಾಡಿಸಿ ಕಾರ್ಯಕ್ರಮಗಳಿಗೆ ಕೊಡುತ್ತಾರೆ. ಸಿಮೆಂಟ್ ನೆಲ, ಸುಣ್ಣದ ಗೋಡೆ, ಮೇಲೆ ತಗಡಿನ ಶೀಟು. ಎಪ್ಪತ್ತು ಕುರ್ಚಿ ಹಾಕಿದರೆ ಓಡಾಡಲು ಜಾಗ ಇರುವುದಿಲ್ಲ. ಅಲ್ಲಿಗೆ ಬೆಂಗಳೂರಿನಿಂದ ಒಂದು ರಾಕ್ ಬ್ಯಾಂಡ್ ಬಂತು. ಡ್ರಮ್ಸ್, ಬಾಸ್, ಗಿಟಾರ್, ಹಾಡಲು ಒಬ್ಬ ಹುಡುಗಿ. ಸಾಮಾನೆಲ್ಲ ನಮ್ಮದು. ಎಲ್ಲರ ಸದ್ದನ್ನೂ ಹೊಂದಿಸುವ ಮಿಕ್ಸರ್ ಮುಂದೆ ಕೂರುವವರು ಮಾತ್ರ ಅವರದೇ ಸೌಂಡ್ ಇಂಜಿನಿಯರ್, ಒಬ್ಬ ಹೆಣ್ಣುಮಗಳು. ಕೇಬಲ್ ಎಳೆದು ಮುಗಿದ ಮೇಲೆ ನನಗೆ ಸುಮ್ನೆ ನೋಡುವ ಕೆಲಸ. ಅವತ್ತು ನೋಡಿದ್ದು ಈಗ ದಿನಾ ಉಪಯೋಗಕ್ಕೆ ಬರುತ್ತಿದೆ.

ನಾನು ಸ್ವಿಚ್ಚಿಗೆ ಕೈ ಹಾಕಿದ್ದೆ. "ಅಣ್ಣಾ, ಸ್ಪೀಕರ್ ಈಗಲೇ ಬೇಡ, ಸ್ವಲ್ಪ ತಡೀರಿ" ಎಂದರು ಆ ಇಂಜಿನಿಯರ್. ಡ್ರಮ್ಮರ್ ಹುಡುಗನಿಗೆ ಒಬ್ಬನೇ ಬಾರಿಸಲು ಹೇಳಿ, ತಾವು ಕಡೇ ಸಾಲಿನ ಕುರ್ಚಿಯ ಹಿಂದೆ ಹೋಗಿ ನಿಂತರು. ಮೈಕ್ ಇಲ್ಲ, ಸ್ಪೀಕರ್ ಇಲ್ಲ, ಆದರೂ ಶೀಟು ಅದುರುತ್ತಿತ್ತು. ನನ್ನ ಕಡೆ ತಿರುಗಿ, "ಇದೇ ನಮ್ಮ ವಾಲ್ಯೂಮ್, ಅಣ್ಣಾ. ಹಾಡು ಇದರ ಮೇಲೆ ಕೇಳಿಸಬೇಕು. ಲೆಕ್ಕ ಅಷ್ಟೇ" ಎಂದರು.

ಯೋಚನೆ ಮಾಡಿದರೆ ನಮಗೆ ಗೊತ್ತಿದ್ದದ್ದೇ. ಕೊಡವರ ಮದುವೆಯಲ್ಲಿ ವಾಲಗದವರು ಬಂದರೆ ಅವರಿಗೆ ನಾವು ಮೈಕ್ ಇಡುವುದಿಲ್ಲ, ಇಟ್ಟರೆ ನಗುತ್ತಾರೆ. ಆದರೆ ವಾಲಗದ ಮೇಲೆ ಯಾರೂ ಹಾಡಬೇಕಾಗಿಲ್ಲ, ಕುಣಿದರೆ ಸಾಕು. ರಾಕ್‌ನಲ್ಲಿ ಹಾಗಲ್ಲ. ಡ್ರಮ್ಮರ್ ಕೂತ ಜಾಗದಲ್ಲಿ 100 ಡೆಸಿಬಲ್ ದಾಟುವುದು ಮಾಮೂಲು. ಅದರ ಮೇಲೆ ಒಬ್ಬರ ದನಿ ಎತ್ತಬೇಕೆಂದರೆ ಮೈಕ್ ಜಾಸ್ತಿ ಮಾಡಬೇಕು. ಮೈಕ್ ಜಾಸ್ತಿ ಮಾಡಿದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೋಗಿ, ಅಲ್ಲಿಂದ ಮತ್ತೆ ಸ್ಪೀಕರಿಗೆ ಬಂದು, ಸುತ್ತಿ ಸುತ್ತಿ ಕುಂಯ್ ಎಂದು ಕೂಗುತ್ತದೆ. ಇನ್ನೆರಡು ಬಾಕ್ಸ್ ತಂದಿಟ್ಟರೆ ಕೂಗು ಕಡಿಮೆಯಾಗುವುದಿಲ್ಲ. ಅಂದಹಾಗೆ, ಆಂಪ್ಲಿಫೈಯರಿನ ವಾಟ್ಸ್ ಎರಡು ಪಟ್ಟು ಮಾಡಿದರೆ ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಸುಮಾರು ಹತ್ತು ಪಟ್ಟು ವಾಟ್ಸ್ ಬೇಕು. ಬಾಕ್ಸ್ ಎಣಿಸುವವರಿಗೆ ಇದನ್ನು ಹೇಳಿ ನೋಡಿ, ನಂಬುವುದಿಲ್ಲ.

ಹಾಗಾಗಿ ಅವರು ಮಿಕ್ಸರ್ ಮುಟ್ಟುವ ಮೊದಲು ಸ್ಟೇಜಿನ ಮೇಲೇ ಕೆಲಸ ಶುರು ಮಾಡಿದರು. ಸ್ನೇರ್ ಡ್ರಮ್ಮಿನ ಅಂಚಿಗೆ ಮಡಚಿದ ಕರ್ಚೀಫ್ ಟೇಪು ಹಚ್ಚಿ ಅಂಟಿಸಿದರು. ದಪ್ಪ ಕೋಲು ತೆಗೆಸಿ, ಸಣ್ಣ ಕಡ್ಡಿಗಳನ್ನು ಕಟ್ಟಾಗಿ ಕಟ್ಟಿದ ಕೋಲು ಕೊಟ್ಟರು. ಹುಡುಗನ ಮುಖ ಗಂಟಾಯಿತು. "ಎರಡು ಹಾಡಿಗೆ ದಪ್ಪ ಕೋಲು ವಾಪಸ್ ಕೊಡ್ತೀನಿ ಕಣೋ" ಎಂದ ಮೇಲೆ ಒಪ್ಪಿದ. ಡ್ರಮ್ಸ್‌ಗೆಲ್ಲ ಸೇರಿ ಒಂದೇ ಮೈಕ್, ಕಾಲಿನಲ್ಲಿ ಬಾರಿಸುವ ಕಿಕ್‌ಗೆ ಮಾತ್ರ. ನಾನು ಡ್ರಮ್ಸ್‌ಗೆಂದು ತಂದ ಉಳಿದ ಮೈಕ್‌ಗಳು ಪೆಟ್ಟಿಗೆ ಬಿಟ್ಟು ಏಳಲೇ ಇಲ್ಲ.

ತೋಟದ ಯಜಮಾನರು ಖಾಲಿ ಗೋಣಿಚೀಲ ಬೇಕಾದಷ್ಟಿವೆ, ಗೋಡೆಗೆ ತೂಗುಹಾಕಿ ಎಂದರು. "ಅಂಕಲ್, ಖಾಲಿ ಚೀಲಕ್ಕೆ ಚರಚರ ಅನ್ನೋದು ಮಾತ್ರ ಕಡಿಮೆ ಆಗುತ್ತೆ, ಗುಂಯ್ ಅನ್ನೋದು ಹಾಗೇ ಇರುತ್ತೆ. ಹಳೇ ಹಾಸಿಗೆ ಇದ್ದರೆ ಕೊಡಿ" ಎಂದರು. ಅತಿಥಿ ಕೋಣೆಯಿಂದ ಎರಡು ಹತ್ತಿ ಹಾಸಿಗೆ ಬಂದವು, ಡ್ರಮ್ಸ್ ಹಿಂದೆ ನಿಂತವು. ಜನ ಬಂದು ಕೂತ ಮೇಲೆ ಗುಂಯ್‌ಗುಟ್ಟುವುದು ಇನ್ನಷ್ಟು ಇಳಿಯಿತು. ಸ್ವೆಟರ್, ಜಾಕೆಟ್ ಹಾಕಿಕೊಂಡ ಎಪ್ಪತ್ತು ಜನ ಹೀರುವಷ್ಟು ಸದ್ದನ್ನು ಯಾವ ಪರದೆಯೂ ಹೀರುವುದಿಲ್ಲ.

ನನಗೆ ಅತಿ ಹಿಡಿಸಿದ್ದು ಗಿಟಾರ್ ಆಂಪ್‌ನ ವಿಷಯ. ಅದು ಗಿಟಾರಿನ ಸದ್ದು ಎತ್ತುವ, ಸ್ಪೀಕರ್ ಒಳಗೇ ಇರುವ ಪೆಟ್ಟಿಗೆ. ಆಂಪ್ ನೆಲದ ಮೇಲಿತ್ತು, ನುಡಿಸುವ ಹುಡುಗ ಅದರ ಮುಂದೆಯೇ ನಿಂತಿದ್ದ. ಆ ಸ್ಪೀಕರಿನ ಚೂಪು ಸದ್ದು ಟಾರ್ಚ್ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ. ಅವನ ಮೊಣಕಾಲಿಗೆ ಬಡಿದು, ಪಕ್ಕದಲ್ಲಿ ಹಾದು, ಎರಡನೇ ಸಾಲಿನಲ್ಲಿ ಕೂತವರ ಮುಖಕ್ಕೆ. ಅವನ ಕಿವಿಗೆ ಮಾತ್ರ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೆ ಅವನು ಜಾಸ್ತಿ ಮಾಡುತ್ತಾ ಹೋಗುತ್ತಾನೆ. ಕಡಿಮೆ ಮಾಡು ಎಂದರೆ ಗಿಟಾರಿನವರಿಗೆ ಕೋಪ ಬರುತ್ತದೆ. ಅದು ಸುಮ್ನೆ ಹಟವಲ್ಲ, ಹಳೇ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವ ಆಂಪ್ ಆದರೆ ಸ್ವಲ್ಪ ಏರಿಸಿದಾಗಲೇ ಆ ಗರಗರ ರುಚಿ ಬರುವುದು. ಇವರು ಜಗಳವನ್ನೇ ಮಾಡಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಆಂಪನ್ನು ಅದರ ಮೇಲಿಟ್ಟು, ಸ್ಪೀಕರ್ ಅವನ ಕಿವಿಗೆ ನೋಡುವಂತೆ ಹಿಂದಕ್ಕೆ ಒರಗಿಸಿದರು. ಒಂದು ತಂತಿ ಎಳೆದ, ಬೆಚ್ಚಿಬಿದ್ದ, ತಾನೇ ಬಗ್ಗಿ ಅರ್ಧಕ್ಕೆ ಇಳಿಸಿದ.

ಹಾಡುವ ಹುಡುಗಿಯ ಕೈಯಲ್ಲಿ ಇದ್ದದ್ದು ನಮ್ಮ ಶೂರ್ ಎಸ್‌ಎಂ58. 1966ರಿಂದ ಮಾರುಕಟ್ಟೆಯಲ್ಲಿರುವ ಮೈಕ್, ಕೈಜಾರಿ ಬಿದ್ದರೂ ಕೆಡದು. ಮುಂದಿನಿಂದ ಬರುವುದನ್ನು ಚೆನ್ನಾಗಿ ಹಿಡಿಯುತ್ತದೆ, ನೇರ ಹಿಂದಿನಿಂದ ಬರುವುದನ್ನು ಅತಿ ಕಡಿಮೆ. ಅದಕ್ಕೇ ಮಾನಿಟರ್, ಅಂದರೆ ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಡುವ ಸ್ಪೀಕರ್, ಇಡುವುದು ಮೈಕಿನ ಬಾಲದ ನೇರಕ್ಕೆ. ಆದರೆ ಸಿನಿಮಾದಲ್ಲಿ ನೋಡಿದಂತೆ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಈ ಗುಣ ಹೋಗಿಬಿಡುತ್ತದೆ, ಸುತ್ತಲ ಸದ್ದೆಲ್ಲ ಒಳಗೆ ನುಗ್ಗುತ್ತದೆ. ಆ ಹುಡುಗಿಗೆ ಅದು ಗೊತ್ತಿತ್ತು. ನಮ್ಮ ಕಡೆಯ ಮದುವೆ ನಿರೂಪಕರಿಗೆ ಯಾರು ಹೇಳುವುದು?

ಕರೆಂಟಿನ ವಿಷಯದಲ್ಲಿ ಅವರು ನನಗಿಂತ ಬಿಗಿ. ಗಿಟಾರ್ ಆಂಪ್, ಮಿಕ್ಸರ್ ಎಲ್ಲಾ ಒಂದೇ ಬೋರ್ಡಿನಿಂದ, ಅರ್ಥಿಂಗ್ ನೋಡಿದ ಮೇಲೆಯೇ. ಗಿಟಾರಿನ ತಂತಿ ಹಿಡಿದವನು ತುಟಿಯನ್ನು ಮೈಕಿಗೆ ತಾಗಿಸುವ ಮೊದಲು ಎರಡರ ನಡುವೆ ಮೀಟರ್ ಇಟ್ಟು ನೋಡಿದರು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ಊರಿನಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ಸ್ಟೇಜಿನ ಮೇಲೆ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ನಮ್ಮ ಮಳೆಗಾಲದ ಒದ್ದೆ ನೆಲ, ತಾತ್ಕಾಲಿಕ ವೈರಿಂಗ್ ನೆನೆಸಿಕೊಂಡರೆ ಆ ಎರಡು ನಿಮಿಷ ದಂಡವಲ್ಲ.

ಶೋ ಶುರುವಾಯಿತು. ಹಾಡಿನ ಮಾತುಗಳು ಹಿಂದಿನ ಸಾಲಿನಲ್ಲಿ ಸ್ಪಷ್ಟವಾಗಿ ಕೇಳುತ್ತಿದ್ದವು. ರಾಕ್ ಎಂದರೆ ಮಾತು ಕೇಳಿಸುವುದಿಲ್ಲ ಎಂದೇ ನಮ್ಮ ಹುಡುಗರ ಲೆಕ್ಕ. ಕಿಕ್ ಹೊಟ್ಟೆಗೆ ತಾಗುತ್ತಿತ್ತು, ಕಿವಿ ಚುಚ್ಚುತ್ತಿರಲಿಲ್ಲ. ಮಧ್ಯದಲ್ಲಿ ಮಳೆ ಬಂತು. ಶೀಟಿನ ಮೇಲೆ ಪೊಲಿಬೆಟ್ಟದ ಮಳೆ ಎಂದರೆ ಪಕ್ಕದವರ ಮಾತೂ ಕೇಳದು. ನಾನಾಗಿದ್ದರೆ ಮೊದಲು ಒಟ್ಟು ಸದ್ದು ಏರಿಸುವ ಮಾಸ್ಟರ್ ಫೇಡರ್ ತಳ್ಳುತ್ತಿದ್ದೆ. ಇವರು ಕೈ ಎತ್ತಿ ಏನೋ ಸನ್ನೆ ಮಾಡಿದರು. ಮುಂದೆ ಬರಬೇಕಿದ್ದ ಮೆಲ್ಲಗಿನ ಹಾಡು ಹಿಂದಕ್ಕೆ ಹೋಯಿತು, ಎರಡು ಜೋರು ಹಾಡು ಮುಂದೆ ಬಂದವು, ಡ್ರಮ್ಮರ್‌ಗೆ ದಪ್ಪ ಕೋಲೂ ವಾಪಸ್ ಸಿಕ್ಕಿತು. ಮಳೆ ಇಳಿದ ಮೇಲೆ ಮೆಲ್ಲಗಿನದು.

ದೊಡ್ಡದು ಯಾವಾಗಲೂ ಮೇಲೇ ಎಂದುಕೊಂಡವರು ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಕತೆ ನೋಡಬೇಕು. ಲಿವರ್‌ಪೂಲಿನ ಕ್ಯಾವರ್ನ್ ಎಂಬ ನೆಲಮಾಳಿಗೆಯಲ್ಲಿ ನುಡಿಸಿ ಬೆಳೆದವರು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಸುಮಾರು 55 ಸಾವಿರ ಜನರ ಮುಂದೆ, 100 ವಾಟ್ ಆಂಪ್ ಇಟ್ಟುಕೊಂಡು ನುಡಿಸಿದರು. ಮಾನಿಟರ್ ಇರಲಿಲ್ಲ, ಜನರ ಕಿರುಚಾಟದಲ್ಲಿ ತಾವು ನುಡಿಸಿದ್ದು ತಮಗೇ ಕೇಳಿಸಲಿಲ್ಲ. ಮುಂದಿನ ವರ್ಷ ಊರೂರು ತಿರುಗಿ ಶೋ ಕೊಡುವುದನ್ನೇ ನಿಲ್ಲಿಸಿದರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಇದೂ ಒಂದು.

ಒಂಬತ್ತಕ್ಕೆಲ್ಲ ಮುಗಿಸಿದೆವು. ಬಯಲಾದರೆ ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ, 2000ದ ಶಬ್ದಮಾಲಿನ್ಯ ನಿಯಮ. ಮುಚ್ಚಿದ ಹಾಲ್‌ಗೆ ವಿನಾಯಿತಿ ಇದೆ. ಆದರೆ ಸಿದ್ದಾಪುರದ ಕಡೆಗೆ ಹೋಗುವವರಿಗೆ ಆನೆಗಳ ನಿಯಮ ಬೇರೆ, ಹೊತ್ತಾದಷ್ಟೂ ಕಷ್ಟ.

ಸಾಮಾನು ಕಟ್ಟುವಾಗ ಅವರು ನಮ್ಮ ಹುಡುಗರ ಕಿವಿ ಬಗ್ಗೆ ಕೇಳಿದರು. ಕೆಲಸಗಾರರ ಆರೋಗ್ಯದ ವಿಷಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 100ಕ್ಕೆ ಬಂದರೆ ಬರೀ 15 ನಿಮಿಷ. ದಸರಾದಲ್ಲಿ ನಮ್ಮವರು ಗಂಟೆಗಟ್ಟಲೆ ಬಾಕ್ಸಿನ ಪಕ್ಕವೇ ಇರುತ್ತಾರೆ, ಅಲ್ವಾ? ಈಗ ಕೇಬಲ್ ಪೆಟ್ಟಿಗೆಯಲ್ಲಿ ಟೇಪಿನ ಜೊತೆ ಕಿವಿಗೆ ಹಾಕುವ ಫೋಮ್ ಪ್ಲಗ್‌ಗಳೂ ಇರುತ್ತವೆ. ಹಾಕಿಸುವುದು ಇನ್ನೊಂದು ಪಾಡು.

ಚಿಕ್ಕ ಹಾಲ್‌ಗೆ ಕರೆ ಬಂದರೆ ಈಗ ನಾನೇ ಮೊದಲು ಕೇಳುತ್ತೇನೆ: ಮೇಲೆ ಏನಿದೆ, ಹೆಂಚೋ ಶೀಟೋ? ಡ್ರಮ್ಸ್ ಇದೆಯಾ? ಎರಡು ಗಂಟೆ ಮೊದಲು ಬ್ಯಾಂಡ್ ಬರುತ್ತದಾ? ಬಿಲ್‌ನಲ್ಲಿ ಬಾಕ್ಸ್ ಕಡಿಮೆ ಬರೆದು, ಸೌಂಡ್ ಚೆಕ್‌ಗೆ ಬೇರೆ ಸಾಲು ಹಾಕುತ್ತೇನೆ. "ಚೆಕ್ ಮಾಡೋಕೂ ದುಡ್ಡಾ?" ಎನ್ನುತ್ತಾರೆ. ಹೌದು ಎನ್ನುತ್ತೇನೆ. ಕೆಲವರು ಫೋನ್ ಇಡುತ್ತಾರೆ, ಕೆಲವರು ಅಡ್ವಾನ್ಸ್ ಕಳಿಸುತ್ತಾರೆ.