ತಬಲಾ ಇಳದೈತ್ರಿ ಸರ

ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನಲ್ಲಿ 900 ರೂಪಾಯಿ ಕೊಟ್ಟು ಒಂದು ಬ್ಲೂಟೂತ್ ಸ್ಪೀಕರ್ ತಂದಿದ್ದೆ. ಆಸ್ಪತ್ರೆಯ ದುಡ್ಡಲ್ಲ, ನನ್ನದೇ. ಖಿನ್ನತೆಗೆ ಸಂಗೀತ ಒಳ್ಳೆಯದು ಅಂತ ಯಾವುದೋ ಕಾರ್ಯಾಗಾರದಲ್ಲಿ ಕೇಳಿ ಬಂದ ಹುರುಪು. ಜೊತೆಗೆ ಒಂದು ಪಟ್ಟಿಯೂ ಇತ್ತು, ವಾಟ್ಸಾಪಿನಲ್ಲಿ ಬಂದದ್ದು. ನಿದ್ದೆಗೆ ಈ ರಾಗ, ಬೇಸರಕ್ಕೆ ಆ ರಾಗ, ಬಿಪಿಗೆ ಮತ್ತೊಂದು. ಅದನ್ನ ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ಹಚ್ಚಿದೆ. ನಮ್ಮ ಡಾಕ್ಟರು ಒಂದು ದಿನ ಕನ್ನಡಕ ಏರಿಸಿಕೊಂಡು ಓದಿ, “ಇದಕ್ಕ ಆಧಾರ ಏನದಪಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಪಟ್ಟಿ ಇನ್ನೂ ಆರು ತಿಂಗಳು ಗೋಡೆಯ ಮೇಲೇ ಇತ್ತು.

ನಾನು ಇಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತ. ಹೆಸರು ಉದ್ದ, ಕೆಲಸ ಇಷ್ಟೇ: ಡಾಕ್ಟರು ಗುಳಿಗೆ ಬರೆದುಕೊಟ್ಟ ಮೇಲೆ ರೋಗಿಯ ಜೊತೆ, ಮನೆಯವರ ಜೊತೆ ಕೂತು ಮಾತಾಡುವುದು, ಹೇಳಿದ ತಾರೀಖಿಗೆ ಬಾರದವರಿಗೆ ಫೋನ್ ಹಚ್ಚುವುದು. ಓಪಿಡಿ ದಿನ ಒಬ್ಬೊಬ್ಬರಿಗೆ ಹದಿನೈದು ನಿಮಿಷ ಸಿಕ್ಕರೆ ಪುಣ್ಯ. ಆ ಹದಿನೈದು ನಿಮಿಷದಲ್ಲಿ ಒಂದಿಷ್ಟು ಹಾಡು ಬರೆದುಕೊಟ್ಟು ಕಳಿಸುವುದು ಎಷ್ಟು ಸುಲಭ ನೋಡಿ. ಅವರಿಗೂ ಏನೋ ಸಿಕ್ಕ ಹಾಗೆ, ನನಗೂ ಏನೋ ಕೊಟ್ಟ ಹಾಗೆ.

ಹಾಗೆ ಕೊಟ್ಟದ್ದರಲ್ಲಿ ಒಂದು ನನ್ನನ್ನ ಇವತ್ತಿಗೂ ಬಿಟ್ಟಿಲ್ಲ.

ನವಲಗುಂದ ಕಡೆಯ ಒಬ್ಬ ಅಕ್ಕಾರು, ನಲವತ್ತರ ಆಸುಪಾಸು. ಗಂಡ ತೀರಿ ಎರಡು ವರ್ಷವಾಗಿತ್ತು. ಹೊಲ, ದನ, ಇಬ್ಬರು ಮಕ್ಕಳು. ಊಟ ಸೇರುವುದಿಲ್ಲ, ನಸುಕಿನ ಮೂರಕ್ಕೇ ಎಚ್ಚರ, “ಯಾತರ ಮ್ಯಾಲೂ ಮನಸ್ಸಿಲ್ರಿ.” ಹಳ್ಳಿಯವರು, ದೇವರ ಮೇಲೆ ಭಕ್ತಿ ಇರುವವರು ಅಂತ ನಾನೇ ತೀರ್ಮಾನಿಸಿ, ಮಗನ ಮೊಬೈಲಿಗೆ ಹತ್ತು ಭಜನೆ ಪದ ಹಾಕಿಕೊಟ್ಟೆ. ದಿನಾ ಸಂಜೆ ಅರ್ಧ ತಾಸು ಕೇಳಿರಿ ಅಂದೆ. ಮುಂದಿನ ತಾರೀಖಿಗೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಹಚ್ಚಿದರೆ ಮಗ ಎತ್ತುತ್ತಿದ್ದ, ಅವ್ವ ಹೊಲಕ್ಕೆ ಹೋಗ್ಯಾಳ ಅನ್ನುತ್ತಿದ್ದ. ಕೊನೆಗೆ ಆ ಊರಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಫೋನ್ ಕೊಡಿಸಿದರು.

“ನೀವು ಹೇಳಿದ್ರಿ ಅಂತ ಮೂರು ದಿನಾ ಕೇಳಿದ್ನಿರಿ ಸರ. ಅವರನ್ನ ದಿನಾ ಎತ್ತಿದಂಗಾತು.”

ಹೆಣ ಮನೆಯಲ್ಲಿಟ್ಟುಕೊಂಡು ರಾತ್ರಿ ಬೆಳತನಕ ಭಜನೆ ಮಾಡಿಸುವುದು ನಮ್ಮ ಕಡೆ ರೂಢಿ. ಹಾರ್ಮೋನಿಯಂ, ತಾಳ, ದಮ್ಮಡಿ; ನಡುನಡುವೆ ಚಹಾ. ನಾನೇನು ಬೆಂಗಳೂರಿನಿಂದ ಬಂದವನಲ್ಲ. ನಮ್ಮ ಅಜ್ಜ ಹೋದಾಗ ನಾನೂ ಆ ಚಹಾ ಹಂಚಿದವನೇ. ಆದರೂ ಹೊಳೆಯಲಿಲ್ಲ. ಆ ಹತ್ತರಲ್ಲಿ ಎರಡು ಪದ ಅವರ ಗಂಡನ ಮುಂದೆ ಹಾಡಿದ್ದವೇ ಆಗಿದ್ದವು. “ಬ್ಯಾರೆ ಹಾಡು ಕೇಳಬಹುದಿತ್ತಲ್ರಿ ಅಕ್ಕಾರ” ಅಂದರೆ, “ನೀವು ಬರಕೊಟ್ಟದ್ದನ್ನ ಬಿಡೂದು ಹೆಂಗ್ರಿ?” ಅಂದರು. ಗುಳಿಗೆ ಚೀಟಿಯ ಜೊತೆ ಕೊಟ್ಟಿದ್ದೆನಲ್ಲ, ಅವರಿಗೆ ಅದೂ ಔಷಧವೇ. ಕಹಿಯಾದರೂ ನುಂಗಬೇಕು.

ಆ ಸಂಜೆ ಗೋಡೆಯ ಪಟ್ಟಿ ಕಿತ್ತೆ. ಆಮೇಲೆ ಕೂತು ಓದಿದೆ, ಮೊದಲೇ ಓದಬೇಕಿತ್ತು. ಖಿನ್ನತೆಗೆ ಸಂಗೀತ ಚಿಕಿತ್ಸೆಯ ಬಗ್ಗೆ 2017ರಲ್ಲಿ ಬಂದ ಕಾಕ್ರೇನ್ ಪರಾಮರ್ಶೆ, ಅಂದರೆ ಹಲವು ಅಧ್ಯಯನಗಳನ್ನ ಒಟ್ಟಿಗಿಟ್ಟು ತೂಗಿ ನೋಡುವ ವರದಿ, 9 ಅಧ್ಯಯನಗಳನ್ನ, ಅವುಗಳಲ್ಲಿದ್ದ 421 ಜನರನ್ನ ಲೆಕ್ಕಕ್ಕೆ ತಗೊಂಡಿದೆ. ಮಾಮೂಲಿ ಚಿಕಿತ್ಸೆ ಒಂದನ್ನೇ ಪಡೆದವರಿಗಿಂತ, ಅದರ ಜೊತೆ ಸಂಗೀತ ಚಿಕಿತ್ಸೆಯೂ ಸಿಕ್ಕವರಲ್ಲಿ ಖಿನ್ನತೆಯ ಲಕ್ಷಣ ಹೆಚ್ಚು ಇಳಿದಿತ್ತು, ಆತಂಕವೂ ಕಡಿಮೆಯಾಗಿತ್ತು. ಆದರೆ ಇದು ಮೂರು ತಿಂಗಳ ಒಳಗಿನ ಮಾತು. ಅದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು “ಜೊತೆ” ಅನ್ನುವ ಪದ. ಗುಳಿಗೆಯ ಜೊತೆ, ಆಪ್ತ ಸಮಾಲೋಚನೆಯ ಜೊತೆ. ಮತ್ತೆ, ಸಂಗೀತ ಚಿಕಿತ್ಸೆ ಅಂದರೆ ತರಬೇತಾದವರೊಬ್ಬರು ಎದುರಿಗೆ ಕೂತು ಮಾಡುವ ಕೆಲಸ. ಮೊಬೈಲಿಗೆ ಹತ್ತು ಹಾಡು ತುಂಬಿ ಬಸ್ ಹತ್ತಿಸುವುದಲ್ಲ. ನಾನು ಅಂಥ ಚಿಕಿತ್ಸಕನಲ್ಲ; ನನ್ನ ಕೈಲಾಗುವುದು ಹಾಡು ಕೇಳುವುದನ್ನ ದಿನಚರಿಯೊಳಗೆ ಕೂಡಿಸಿಕೊಡುವುದಷ್ಟೇ. ಇದನ್ನ ಒಪ್ಪಿಕೊಂಡ ಮೇಲೆ ಕೆಲಸ ಹಗುರಾಯಿತು.

ಹಾಗಾದರೆ ರೋಗಿಯನ್ನೇ ಕೇಳೋಣ, ನಿಮಗೆ ಯಾವ ಹಾಡು ಇಷ್ಟ ಅಂತ. ಇದೂ ಕೆಲಸಕ್ಕೆ ಬರಲಿಲ್ಲ. ಯಾಕೆ ಅಂತ, ಖಿನ್ನತೆ ಎಷ್ಟಿದೆ ಅಂತ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಹಾಳೆಯ ಮೊದಲನೇ ಪ್ರಶ್ನೆಯೇ ಹೇಳುತ್ತಿತ್ತು: ಕಳೆದ ಎರಡು ವಾರದಲ್ಲಿ ಮಾಡುವ ಕೆಲಸದಲ್ಲಿ ಆಸಕ್ತಿ, ಖುಷಿ ಕಡಿಮೆಯಾಗಿದೆಯೇ? ಇಷ್ಟ ಅನ್ನುವುದೇ ಬತ್ತಿಹೋದವರ ಮುಂದೆ ಕೂತು ಇಷ್ಟದ ಹಾಡು ಕೇಳುತ್ತಿದ್ದೆ ನಾನು. “ಯಾವ್ದೂ ಇಲ್ರಿ” ಅನ್ನುತ್ತಿದ್ದರು, ಸುಳ್ಳಲ್ಲ ಅದು.

ಕುಂದಗೋಳ ಕಡೆಯ ಒಬ್ಬ ಕಾಕಾ ಬಂದರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಪಿಎಚ್‌ಕ್ಯೂ-9ರಲ್ಲಿ 27ಕ್ಕೆ 19 (ಅಂಕ ಏರಿದಷ್ಟೂ ಖಿನ್ನತೆ ಹೆಚ್ಚು). ಹೆಂಡತಿ, ಮಗ ಕರೆತಂದಿದ್ದರು. ಕುಂದಗೋಳ ಅಂದಮೇಲೆ ಹೇಳಬೇಕಾಗಿಲ್ಲ, ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು. ನಾಡಗೀರ ವಾಡೆಯಲ್ಲಿ ಅವರ ಪುಣ್ಯತಿಥಿಯ ಸಂಗೀತ ನಡೆದಾಗ ಕಂಬಕ್ಕೆ ಒರಗಿ ಇಡೀ ರಾತ್ರಿ ಕೂತವರು ಈ ಕಾಕಾ. ರಜಾ ಹಾಕಿ ಹೋಗುತ್ತಿದ್ದರಂತೆ. ನಾನು ಇಷ್ಟದ ಗಾಯಕರ ಹೆಸರು ಕೇಳಿದರೆ, “ಏನೂ ಬ್ಯಾಡ್ರಿ, ತಲಿ ನೋಯ್ತದ” ಅಂದರು.

ಅಷ್ಟೊತ್ತಿಗೆ ಕಾಕೂನೇ ಬಾಯಿ ಹಾಕಿದರು. “ಮುಂಜಾನೆ ರೇಡಿಯೋ ಹಚ್ಚದ ಚಹಾ ಕುಡದವರಲ್ರಿ ಇವರು. ದೀಪಾವಳಿಯಿಂದ ರೇಡಿಯೋಕ್ಕ ಕೈ ಹಚ್ಚಿಲ್ಲ. ಸೆಲ್ ಹೋಗ್ಯಾವ ಅನ್ಕೊಂಡಿದ್ನಿ ನಾನು.”

ಕೇಸ್ ಶೀಟಿನಲ್ಲಿ ನಾನು ಬರೆದದ್ದು: ಎರಡು ತಿಂಗಳಿಂದ ನಿದ್ದೆ ಇಲ್ಲ. ದೀಪಾವಳಿ ಆಗಿ ಐದು ತಿಂಗಳಾಗಿತ್ತು. ರೋಗ ಮನೆಯೊಳಗೆ ಬಂದದ್ದು ನಿದ್ದೆ ಕೆಟ್ಟಾಗ ಅಲ್ಲ, ರೇಡಿಯೋ ನಿಂತಾಗ. ಅಂದಿನಿಂದ ಇತಿಹಾಸ ತಗೊಳ್ಳುವಾಗ ಈ ಪ್ರಶ್ನೆ ಬಿಡುವುದಿಲ್ಲ: ಮನೆಯಲ್ಲಿ ಮೊದಲು ಏನು ಕೇಳಿಬರುತ್ತಿತ್ತು, ಯಾವಾಗ ನಿಂತಿತು? ರೋಗಿಗಿಂತ ಮನೆಯವರು ಇದನ್ನ ಚೆನ್ನಾಗಿ ಹೇಳುತ್ತಾರೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗಿನಿಂದ ರೇಡಿಯೋ ನೋಡಿ ಹೊತ್ತು ಎಣಿಸಿದ ಮನೆಗಳು ನಮ್ಮ ಸುತ್ತ ಇನ್ನೂ ಇವೆ. ವಾರ್ತೆ ಮುಗಿಯಿತು ಅಂದರೆ ನೀರು ಕಾಯಲಿಡುವ ಹೊತ್ತು ಅಂತ.

ಹಾಡು ಯಾವುದು ಅನ್ನುವುದನ್ನ ಬಿಟ್ಟೆವು, ಹೊತ್ತು ಹಿಡಿದೆವು. ಮುಂಜಾನೆ ಚಹಾದ ಹೊತ್ತಿಗೆ ಕಟ್ಟೆಯ ಮೇಲೆ ಕೂಡುವುದು, ಹದಿನೈದು ನಿಮಿಷ ರೇಡಿಯೋ. ಬಂದದ್ದು ಬರಲಿ. ಮನಸ್ಸು ಬಂದರೂ ಸೈ, ಬರದಿದ್ದರೂ ಸೈ. ಹಿಡಿಸಿತೋ ಇಲ್ಲೋ ಅಂತ ಕಾಕೂ ಕೇಳಬಾರದು. ಕ್ಯಾಲೆಂಡರಿನಲ್ಲಿ ಬರೇ ಒಂದು ಗೀಟು ಹಾಕಬೇಕು. ಹುರುಪು ಬಂದ ಮೇಲೆ ಮಾಡೋಣ ಅಂತ ಕೂತರೆ ಖಿನ್ನತೆಯಲ್ಲಿ ಆ ದಿನ ಬರುವುದಿಲ್ಲ. ಮೊದಲು ಮೈ ಕಟ್ಟೆಗೆ ಬರಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಡಾಕ್ಟರು ಬರೆದ ಗುಳಿಗೆಯೂ ಎರಡರಿಂದ ನಾಲ್ಕು ವಾರ ತಗೊಳ್ಳುತ್ತದೆ ತನ್ನ ಗುಣ ತೋರಿಸಲು. ಆ ನಡುವಿನ ವಾರಗಳೇ ಬಲು ಕಷ್ಟ. ಬಹಳ ಜನ ಗುಳಿಗೆ ಒಗೆಯುವುದೂ ಆಗಲೇ.

ಐದನೇ ವಾರ ಬಂದರು. ಕ್ಯಾಲೆಂಡರಿನ ಹಾಳೆ ಹರಿದುಕೊಂಡು ತಂದಿದ್ದರು ಕಾಕೂ. ನಡುವೆ ನಾಲ್ಕು ದಿನ ಖಾಲಿ. ಮಾತಾಡುತ್ತ ನಾನು ಸ್ಪೀಕರಿನಲ್ಲಿ ಒಂದು ಬೈಠಕ್ ಹಚ್ಚಿದೆ, ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿದ್ದು. ವಿಲಂಬಿತ್, ಅಂದರೆ ನಿಧಾನ ಲಯದ ಭಾಗ, ನಡೆದಿತ್ತು. ಕಾಕಾ ನೆಲ ನೋಡುತ್ತ ಕೂತಿದ್ದರು, ಎಂದಿನಂತೆ. ನಾಲ್ಕು ನಿಮಿಷವಾಗಿರಬೇಕು, ತಲೆ ಎತ್ತಿ ಮುಖ ಕಿವುಚಿದರು.

“ತಬಲಾ ಇಳದೈತ್ರಿ ಸರ. ನಿಮಗ ಕೇಳಂಗಿಲ್ಲೇನು?”

ತಬಲಾದ ಶ್ರುತಿ ಇಳಿದದ್ದು ನನಗೆ ಖರೇನೇ ಕೇಳಿರಲಿಲ್ಲ. ಹೊರಗಿದ್ದ ಸಿಸ್ಟರನ್ನ ಕರೆದು ಮತ್ತೊಮ್ಮೆ ಹಚ್ಚಿದೆ, ಅವರಿಗೂ ಗೊತ್ತಾಗಲಿಲ್ಲ. ಕಾಕಾ ಇಬ್ಬರನ್ನೂ ನೋಡಿ ತಲೆ ಅಲ್ಲಾಡಿಸಿದರು. ಕಾಕೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಸುಧಾರಣೆ ಅಂದರೆ ಮುಗುಳ್ನಗೆ, “ಆರಾಮದೇನ್ರಿ” ಅನ್ನುವ ಮಾತು ಅಂತ ಕಾಯುತ್ತಿದ್ದವನು ನಾನು. ಅದು ತಕರಾರಾಗಿ ಬಂತು. ಇಳಿದ ತಬಲಾ ಸಹಿಸಲಾರದವನಿಗೆ ಶ್ರುತಿ ಕೂಡಿದ ತಬಲಾ ಬೇಕಾಗಿದೆ ಅಂತಲ್ಲವೇ ಅರ್ಥ? ಫೈಲಿನಲ್ಲಿ ಅವರ ಮಾತನ್ನ ಹಾಗೇ ಬರೆದೆ. ಡಾಕ್ಟರು ಅದರ ಕೆಳಗೆ ಗೀಟು ಎಳೆದರು.

ಗುಳಿಗೆಯಿಂದ ಆಯಿತೋ ಹಾಡಿನಿಂದ ಆಯಿತೋ ಅಂತ ಮಗ ಕೇಳಿದ. ಎರಡನ್ನೂ ಕೂಡಿಯೇ ಕೊಟ್ಟಿದ್ದೇವೆ, ಬಿಡಿಸಿ ಹೇಳಲು ಬರುವುದಿಲ್ಲ ಅಂದೆ. ಅವನ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು: ಹಾಡಿನಿಂದಲೇ ಆರಾಮಾಗುವುದಾದರೆ ಗುಳಿಗೆ ಯಾಕೆ? ಇದನ್ನ ನಾನು ವಾರಕ್ಕೆ ಮೂರು ಸಲವಾದರೂ ಕೇಳುತ್ತೇನೆ. ಆರಾಮಾದ ಮೇಲೂ ಕನಿಷ್ಠ ಆರು ತಿಂಗಳು ಗುಳಿಗೆ ನಡೆಯಬೇಕು, ಬಿಡುವಾಗಲೂ ಡಾಕ್ಟರು ಹೇಳಿದಂತೆ ಹಂತಹಂತವಾಗಿ ಬಿಡಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗುವುದು, ಸಿಡಿಮಿಡಿ, ನಿದ್ದೆ ಕೆಡುವುದು ಆಗಬಹುದು. ಹೋದ ರೋಗ ಮತ್ತೆ ಬರಲೂಬಹುದು. ಸಂಗೀತದ ಬಗ್ಗೆ ನಾನು ಮಾತು ತೆಗೆದ ದಿನವೇ ಈಗ ಇದನ್ನೂ ಹೇಳಿಬಿಡುತ್ತೇನೆ, ಒಂದೇ ಉಸಿರಿನಲ್ಲಿ.

ಕೇಳುವುದನ್ನ ಕಡಿಮೆ ಮಾಡಿಸಬೇಕಾದ ಕೇಸೂ ಇದೆ. ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದ ಹುಡುಗ, ಎರಡು ಸಲ ಸ್ವಲ್ಪದರಲ್ಲಿ ತಪ್ಪಿತ್ತು. ರಾತ್ರಿ ಮೂರರ ತನಕ ಕಿವಿಯಲ್ಲಿ ಇಯರ್‌ಫೋನ್, ಅದೇ ನಾಲ್ಕು ವಿರಹದ ಹಾಡು. “ನಾನು ಮ್ಯೂಸಿಕ್ ಥೆರಪಿ ಮಾಡ್ಕೊಳ್ಳಾಕತ್ತೀನ್ರಿ ಸರ” ಅಂದ. ಹಾಡು ಮುಗಿದ ಮೇಲೆ ಮನಸ್ಸು ಹಗುರಾಗುತ್ತದೋ ಭಾರ ಆಗುತ್ತದೋ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳೂವಾಗ ಹಗುರ್ರಿ. ಬಂದ್ ಮಾಡಿದ ಮ್ಯಾಲೆ ಭಾರ” ಅಂದ. ದುಃಖದ ಹಾಡು ತಪ್ಪಲ್ಲ. 1940ರ ದಶಕದಲ್ಲೇ ಇರಾ ಆಲ್ಟ್‌ಶುಲರ್ ಅನ್ನುವ ಅಮೆರಿಕದ ಮನೋವೈದ್ಯ ಹೇಳಿದ್ದ: ಮೊದಲು ರೋಗಿ ಇರುವ ಮನಃಸ್ಥಿತಿಗೇ ಹೊಂದುವ ಸಂಗೀತ ಹಚ್ಚಿ, ಅಲ್ಲಿಂದ ಮೆಲ್ಲಗೆ ಮುಂದಕ್ಕೆ ಒಯ್ಯಬೇಕು. ಅಳುತ್ತಿರುವವನ ಮುಂದೆ ಡೊಳ್ಳು ಬಾರಿಸಬಾರದು. ಆದರೆ ಈ ಹುಡುಗ ಮುಂದಕ್ಕೆ ಹೋಗುತ್ತಿರಲಿಲ್ಲ, ಗಾಣದೆತ್ತಿನಂತೆ ಅದೇ ನಾಲ್ಕು ಹಾಡು ಸುತ್ತುತ್ತಿದ್ದ. ಒಂದೇ ನೋವನ್ನ ಮೆಲುಕು ಹಾಕುವುದಕ್ಕೆ ಹಾಡು ತಾಳ ಹಾಕುತ್ತಿತ್ತು. ಹಾಡು ಕಿತ್ತುಕೊಳ್ಳಲಿಲ್ಲ, ಜಾಗ ಬದಲಿಸಿದೆವು: ಅವೇ ನಾಲ್ಕು, ಆದರೆ ಹಗಲು, ನಡೆಯುತ್ತ, ಕರ್ನಾಟಕ ಕಾಲೇಜಿನ ಮೈದಾನದಲ್ಲಿ. ರಾತ್ರಿ ಹತ್ತೂವರೆಗೆ ಇಯರ್‌ಫೋನ್ ಗೆಳೆಯನ ಕೈಗೆ. ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆಗೆ, ಜೀವ ಬೇಡವೆನಿಸುವುದರ ಪ್ರಶ್ನೆಗೆ, ಅವನು ಸೊನ್ನೆ ಹಾಕಿರಲಿಲ್ಲ. ಹಾಗಾಗಿ ಅವತ್ತೇ ಡಾಕ್ಟರ ಹತ್ತಿರ ವಾಪಸ್ ಕರಕೊಂಡು ಹೋದೆ, ಅಣ್ಣನಿಗೆ ಫೋನ್ ಹಚ್ಚಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸದ 14416 ಅವನ ಮೊಬೈಲಿನಲ್ಲಿ ನನ್ನ ಕಣ್ಣೆದುರೇ ಸೇವ್ ಮಾಡಿಸಿದೆ. ಅಂಥ ದಿನ ಹಾಡಿನ ಮಾತು ಎರಡನೇದು.

ಈಗ ನನ್ನ ಫೈಲಿನ ಹಿಂದಿನ ಹಾಳೆಯಲ್ಲಿ ಪೆನ್ನಿನಿಂದ ಎಳೆದ ಮೂರು ಅಂಕಣ ಇವೆ. ಏನು ಕೇಳುತ್ತಿದ್ದರು, ಯಾವ ಹೊತ್ತಿಗೆ, ಯಾವುದು ಕೇಳಿಸಬಾರದು. ಮೂರನೆಯದು ನವಲಗುಂದದ ಅಕ್ಕಾರ ದೆಸೆಯಿಂದ ಬಂದದ್ದು. ಅವರು ನನ್ನ ಹತ್ತಿರ ಮತ್ತೆ ಬರಲಿಲ್ಲ. ತಾಲೂಕು ಆಸ್ಪತ್ರೆಯಲ್ಲೇ ಗುಳಿಗೆ ತಗೊಳ್ಳುತ್ತಿದ್ದಾರಂತೆ, ನಿದ್ದೆ ಹತ್ತುತ್ತದಂತೆ, ಆಶಾ ಕಾರ್ಯಕರ್ತೆ ಹೇಳಿದರು. ಸಂಜೆ ಹೊತ್ತು ಟಿವಿ ಹಚ್ಚುತ್ತಾರಂತೆ. ಏನು ನೋಡುತ್ತಾರೆ ಅಂತ ನಾನು ಕೇಳಲಿಲ್ಲ.

ಕುಂದಗೋಳದ ಕಾಕಾ ಈಗ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಹೋದ ಸಲ ಟೇಬಲ್ಲಿನ ಮೇಲಿನ ಸ್ಪೀಕರನ್ನ ಎತ್ತಿ, ತಿರುವಿ ನೋಡಿ, ಎಷ್ಟು ಕೊಟ್ಟಿರಿ ಅಂತ ಕೇಳಿದರು. 900 ಅಂದೆ.

“ಇದರಾಗ ತಂಬೂರಿ ಕೇಳಂಗಿಲ್ರಿ ಸರ. ಒಗೀರಿ ಇದನ್ನ.”